ತಕ್ಕಡಿ ಹೊಲಿದ ಎರಡು ಕೋಟುಗಳು

ಹೋದ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ತಕ್ಕಡಿ ತೀರಿಕೊಂಡಳು. ಐವತ್ತೊಂಬತ್ತು ವರ್ಷ. ನಮ್ಮ ಅಡುಗೆಮನೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವಳು ಕುಳಿತ ಹಾಗೇ ಹೋದಳು. ಹೃದಯ ನಿಂತಿದೆ ಎಂದರು. ಮೂವತ್ತಕ್ಕೂ ಹೆಚ್ಚು ವರ್ಷ ದುಡಿದ ಆಸ್ಪತ್ರೆಗೇ ಅವಳನ್ನು ಒಯ್ದಿದ್ದೆವು. ಅಲ್ಲಿ ಅವಳ ಮೇಲೆ ಹೊದಿಸಿದ ಬಿಳಿ ಬಟ್ಟೆಯ ಅಂಚು ಅವಳೇ ಹೊಲಿದದ್ದು. ಆ ಹೊಲಿಗೆಯನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ.

ಆ ದಿನಗಳಲ್ಲಿ ಅವಳು ನನ್ನ ಮಗಳಿಗೊಂದು ಕೋಟು ಹೊಲಿಯುತ್ತಿದ್ದಳು. ಮಗಳು ಶಿಕ್ಷಕಿಯಾಗಲು ಓದಿದವಳು. ಎರಡು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಕತ್ತಿನ ಕೆಳಗಿನ ಮೂಳೆ ಮುರಿಯಿತು. ಅದು ಓರೆಯಾಗಿ ಕೂಡಿಕೊಂಡು ಬಲಭುಜ ಇಳಿಯಿತು. ನೋವಿಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ, ನೋಟಕ್ಕೆ ಮಾತ್ರ. ಆದರೆ ತರಬೇತಿಯ ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಭುಜ ಇಳಿಸಿಕೊಂಡು, ಹಲಗೆಯ ಮೇಲೆ ಬರೆಯುವ ಹಾಗೆ ನಟಿಸಿದಳಂತೆ. ಇಡೀ ತರಗತಿ ನಕ್ಕಿತಂತೆ. ಅಂದಿನಿಂದ ಮಗಳು ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಸೆಕೆಯಲ್ಲೂ ಶಾಲು ಹೊದ್ದು ಓಡಾಡುತ್ತಿದ್ದಳು. ಈಗ ಒಂದು ಶಾಲೆಯಿಂದ ಕರೆ ಬಂದಿದೆ. ಬರುವ ಸೋಮವಾರ ಐದನೇ ತರಗತಿಯ ಮಕ್ಕಳ ಮುಂದೆ ಅರ್ಧ ಗಂಟೆ ಪಾಠ ಮಾಡಿ ತೋರಿಸಬೇಕು. "ನಾನು ಹೋಗಲ್ಲಮ್ಮ" ಎಂದು ಪಟ್ಟು ಹಿಡಿದು ಕುಳಿತಳು. ನನ್ನ ಕೈಯಲ್ಲಿ ಆಗದೆ ತಕ್ಕಡಿಗೆ ಹೇಳಿದೆ.

ತಕ್ಕಡಿ ಎಂದು ಬರೆಯಲು ನನಗೆ ಸಂಕೋಚವಿಲ್ಲ. ಆಸ್ಪತ್ರೆಯ ಮಹಿಳಾ ಸಿಬ್ಬಂದಿಯ ವಸತಿಗೃಹದಲ್ಲಿ ಒಂದೇ ಕೋಣೆಗೆ ನಮ್ಮಿಬ್ಬರನ್ನು ಹಾಕಿದ ದಿನ, ನಾನು ಹೆಸರು ಕೇಳುವ ಮೊದಲೇ ಅವಳು ಹೇಳಿದ್ದಳು:

"ಹೆಸರು ಹಾಜರಿ ಪುಸ್ತಕದಲ್ಲಿದೆ. ಎಲ್ಲರೂ ಕರೆಯೋದು ತಕ್ಕಡಿ ಅಂತ. ನೀನು ಹೇಗಿದ್ರೂ ನಾಳೆಯಿಂದ ಹಾಗೇ ಕರೀತೀಯ. ಇವತ್ತೇ ಶುರು ಮಾಡು."

ಹುಟ್ಟಿನಿಂದಲೇ ಅವಳ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಶಾಲೆಯಲ್ಲಿ ಇಟ್ಟ ಹೆಸರು ಅದು. ನಾನು ದಾಖಲೆಗಳ ಕೋಣೆಯ ಗುಮಾಸ್ತೆ ಎಂದು ತಿಳಿದ ಮೇಲೆ ನನಗೆ ಅವಳು 'ಕಡತ' ಎಂದು ಹೆಸರಿಟ್ಟಳು. ಲೆಕ್ಕ ಚುಕ್ತಾ ಆಯಿತು ಎಂದಳು.

ಅವಳ ಕೆಲಸ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಹೊಲಿಗೆ ಕೋಣೆಯಲ್ಲಿ. ಅಲ್ಲಿ ಸದಾ ಬಿಸಿ ಇಸ್ತ್ರಿಯ ವಾಸನೆ, ಬ್ಲೀಚಿನ ವಾಸನೆ. ವಾರ್ಡುಗಳಿಂದ ಹರಿದ ಬಟ್ಟೆ ರಾಶಿರಾಶಿ ಬರುತ್ತಿತ್ತು. ಹಾಸಿಗೆಯ ಹೊದಿಕೆ ಸವೆಯುವುದು ನಡುವೆ. ಅವಳು ಅದನ್ನು ಉದ್ದಕ್ಕೆ ಎರಡಾಗಿ ಸೀಳಿ, ಗಟ್ಟಿಯಾಗಿ ಉಳಿದ ಅಂಚುಗಳನ್ನು ನಡುವಿಗೆ ತಂದು ಕೂಡಿಸುತ್ತಿದ್ದಳು. ಹೊದಿಕೆಗೆ ಇನ್ನೊಂದು ವರ್ಷದ ಆಯುಸ್ಸು. ಆಮೇಲೆ ಅದು ದಿಂಬಿನ ಚೀಲ, ಆಮೇಲೆ ಮುರಿದ ಕೈಯನ್ನು ಕತ್ತಿಗೆ ಕಟ್ಟುವ ಪಟ್ಟಿ, ಕೊನೆಗೆ ನೆಲ ಒರೆಸುವ ಬಟ್ಟೆ. ಹೊದಿಕೆಗಳನ್ನು ನೆಲದ ಮೇಲೆ ಎಳೆದು ತರುವ ವಾರ್ಡಿನವರನ್ನು ಕಂಡರೆ ಅವಳಿಗೆ ಎಲ್ಲಿಲ್ಲದ ಕೋಪ. "ಅಣ್ಣಾ, ಅದೇನು ದನಾನಾ ಎಳ್ಕೊಂಡು ಬರಕ್ಕೆ? ಹೆಗಲ ಮೇಲೆ ಹಾಕ್ಕೊಂಡು ಬನ್ನಿ" ಎಂದು ಕೂಗುತ್ತಿದ್ದಳು. ಒದ್ದೆ ಹೊದಿಕೆಯ ಗಂಟನ್ನು ಅವಳು ಎಡಭುಜದ ಮೇಲೇ ಹೊರುತ್ತಿದ್ದಳು. ಜಾರುವುದಿಲ್ಲ, ದೇವರು ಇಳಿಜಾರು ಒಳಮುಖವಾಗಿ ಮಾಡಿದ್ದಾನೆ ಎಂದು ಜಂಬ.

ಆದರೂ ಆರು ವರ್ಷ ಅವಳು ದಿನಗೂಲಿಯವಳಾಗಿಯೇ ಉಳಿದಳು. ಕೆಲಸ ಕಾಯಂ ಮಾಡಲು ಎರಡು ಸಲ ಸಂದರ್ಶನಕ್ಕೆ ಕರೆದರು. ಎರಡೂ ಸಲ ಮೇಜಿನ ಆಚೆ ಕುಳಿತವರು ಭುಜ ನೋಡಿ ಒಂದೇ ಪ್ರಶ್ನೆ ಕೇಳಿದರು: "ಭಾರ ಎತ್ತಕ್ಕಾಗುತ್ತೇನಮ್ಮಾ?" ಆಗುತ್ತೆ ಎಂದಳು. ನೋಡೋಣ ಎಂದರು. ಎರಡೂ ಸಲ ಬೇರೆಯವರಿಗೆ ಆಯಿತು.

ತೊಂಬತ್ತರ ದಶಕದ ನಡುಭಾಗ ಅದು. ವಸತಿಗೃಹದ ಊಟದ ಕೋಣೆಯಲ್ಲಿ ಕಪ್ಪು ಬಿಳುಪಿನ ಟಿವಿ ಇತ್ತು. ಬಣ್ಣದ ಭ್ರಮೆ ಹುಟ್ಟಿಸಲೆಂದು ಯಾರೋ ಅದರ ಮುಂದೆ ನೀಲಿ ಗಾಜು ಕೂರಿಸಿದ್ದರು. ಬುಧವಾರ ಸಂಜೆ ಒಂದು ಧಾರಾವಾಹಿ ಬರುತ್ತಿತ್ತು. ಅದರ ನಾಯಕಿ ಪತ್ರಿಕೆಯ ವರದಿಗಾರ್ತಿ. ಯಾರಿಗೂ ಹೆದರದೆ ಎಂಥವರ ಕಚೇರಿಗೂ ನುಗ್ಗಿ ಪ್ರಶ್ನೆ ಕೇಳುವವಳು. ನಾವೆಲ್ಲ ಕಥೆ ನೋಡುತ್ತಿದ್ದೆವು, ತಕ್ಕಡಿ ಬಟ್ಟೆ ನೋಡುತ್ತಿದ್ದಳು. ಮಂಡಿಯವರೆಗಿನ ಕೋಟು, ಅಗಲವಾದ ಭುಜ, ಲೋಟದ ತಳದಷ್ಟು ದೊಡ್ಡ ನಾಲ್ಕು ಗುಂಡಿ, ಮೊಣಕೈವರೆಗೆ ಮಡಿಸಿದ ತೋಳಿನಲ್ಲಿ ಕಾಣುವ ಪಟ್ಟೆಪಟ್ಟೆ ಲೈನಿಂಗು, ಸೊಂಟಕ್ಕೆ ಅಂಗೈ ಅಗಲದ ಬೆಲ್ಟು. ಒಂದು ಬುಧವಾರ ಅವಳು ಎದ್ದು ಹೋಗಿ ಟಿವಿಗೆ ಮೂಗು ತಾಗುವಷ್ಟು ಹತ್ತಿರ ನಿಂತಳು.

"ಏಯ್, ನೀನೇನು ಗಾಜಾ, ಆಚೆ ಕಡೆ ಕಾಣಕ್ಕೆ? ಕೂತ್ಕೊಳೇ!" ಎಂದು ಹಿಂದಿನಿಂದ ದಾದಿಯರು ಕೂಗಿದರು.

ಅವಳು ಕದಲಲಿಲ್ಲ. ತಿರುಗಿ ನನ್ನನ್ನೇ ನೋಡಿ ಹೇಳಿದಳು: "ಕಡತ, ಇವಳ ಭುಜ ಇವಳದಲ್ಲ ಕಣೆ. ಒಳಗೆ ಪ್ಯಾಡ್ ಇದೆ. ಇವಳೂ ನನ್ನ ಹಾಗೇ ಇರಬಹುದು, ಯಾರಿಗ್ಗೊತ್ತು?"

ಮೂರನೇ ಸಂದರ್ಶನಕ್ಕೆ ಆಗ ಒಂದು ತಿಂಗಳಿತ್ತು.

ಅಂಥ ಕೋಟು ಅಂಗಡಿಯ ಗಾಜಿನೊಳಗೆ ತೂಗುತ್ತಿತ್ತು. ನಮ್ಮ ಕೈಗೆಟಕುವ ಮಾತಲ್ಲ. ನಿಲ್ದಾಣದ ಹಿಂದಿನ ಹಳೆ ಬಟ್ಟೆಯ ಬೀದಿಗೆ ಹೋದೆವು. ಅವಳು ಗಂಡಸರ ಕೋಟುಗಳ ರಾಶಿಗೆ ಕೈ ಹಾಕಿ, ಹೊರಗಿನ ಬಣ್ಣ ನೋಡದೆ ಪ್ರತಿಯೊಂದರ ಒಳಮೈ ತಿರುವಿ ನೋಡುತ್ತಿದ್ದಳು.

"ಯಜಮಾನರಿಗಾ ಅಕ್ಕಾ? ಅಳತೆ ಹೇಳಿ" ಎಂದ ಅಂಗಡಿಯವನು.

"ಯಜಮಾನರು ಇನ್ನೂ ಸಿಕ್ಕಿಲ್ಲ ಅಣ್ಣ. ಕೋಟು ತಗೊಂಡು ಹೋದ್ರೆ ಅದಕ್ಕೆ ಹೊಂದೋರನ್ನ ಹುಡುಕ್ತೀವಿ."

ಕೊನೆಗೆ ಸಿಕ್ಕಿದ್ದು ಹೊರಗೆ ಪೂರ್ತಿ ಮಾಸಿ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದ್ದ, ಒಳಮೈ ಮಾತ್ರ ಹೊಸದರಂತೆ ಕಂದು ಬಣ್ಣದಲ್ಲಿ ಉಳಿದಿದ್ದ ಒಂದು ಕೋಟು. ಅವಳು ಅದನ್ನು ದಾರ ದಾರವಾಗಿ ಬಿಚ್ಚಿ, ಒಳಮೈ ಹೊರಕ್ಕೆ ಮಾಡಿ ಮತ್ತೆ ಹೊಲಿಯಲು ಕುಳಿತಳು. ಬಟ್ಟೆ ಮಗುಚಿ ಹೊಲಿಯುವುದು ಎಂದರೆ ಇದೇ. ಹೀಗೆ ಮಗುಚಿದಾಗ ಎಡದ ತುಂಡು ಬಲಕ್ಕೆ ಬರುತ್ತದೆ, ಬಲದ್ದು ಎಡಕ್ಕೆ. ಗಂಡಸರ ಕೋಟಿನ ಗುಂಡಿ ತಾನಾಗಿ ಹೆಂಗಸರ ಕೋಟಿನ ಕಡೆಗೆ ಬಂದು ಕೂರುತ್ತದೆ. "ನೋಡಿದ್ಯಾ, ಬಟ್ಟೆಗೇ ಬುದ್ಧಿ ಇದೆ" ಎಂದಳು. ದೊಡ್ಡ ಗುಂಡಿಗಳಿಗೆ ಔಷಧದ ಬಾಟಲಿಯ ಮುಚ್ಚಳಗಳಿಗೆ ಬಟ್ಟೆ ಹೊದಿಸಿದಳು. ಪಟ್ಟೆ ಲೈನಿಂಗಿಗೆ ಮೇಲ್ವಿಚಾರಕಿಯ ಅಪ್ಪಣೆ ಕೇಳಿ, ಒರೆಸುವ ಬಟ್ಟೆಯಾಗಲಿದ್ದ ರೋಗಿಗಳ ಪಟ್ಟೆ ಪೈಜಾಮ ತಂದಳು. ಬೆಲ್ಟು ಹರಿದ ಸೂಟ್‌ಕೇಸಿನ ಪಟ್ಟಿ, ಬಕಲ್ ಸಮೇತ. ಪ್ಯಾಡುಗಳಿಗೆ ಹಳೆಯ ಕಂಬಳಿಯನ್ನು ಅರ್ಧಚಂದ್ರದ ಆಕಾರಕ್ಕೆ ಕತ್ತರಿಸಿ ಪದರ ಪದರವಾಗಿ ಕೂಡಿಸಿದಳು. ಬಲಕ್ಕೆ ಮೂರು ಪದರ, ಎಡಕ್ಕೆ ಎಂಟು.

ಒಂದು ಭಾನುವಾರ ಮಧ್ಯಾಹ್ನ ನನ್ನನ್ನು ಕಣ್ಣು ಮುಚ್ಚಿಕೊಳ್ಳಲು ಹೇಳಿ ಕೋಟು ಹಾಕಿಕೊಂಡಳು. ಕಣ್ಣು ತೆರೆದು ನೋಡಿದೆ. ಬಲಭುಜ ಕಿವಿಗೆ ತಾಗುವಂತಿತ್ತು, ಎಡಭುಜ ಎಲ್ಲೋ ಪಾತಾಳದಲ್ಲಿತ್ತು. ಹಳೆ ಕೋಟಿನ ಹೊಲಿಗೆ ಬಿಚ್ಚುವ ಮೊದಲು ಅವಳು ಎಡಭುಜದ ತುಂಡಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದಳು. ಮಗುಚಿದ ಮೇಲೆ ಆ ತುಂಡು ಬಲಕ್ಕೆ ಹೋಗಿತ್ತು. ಗುರುತು ನಂಬಿ ದಪ್ಪ ಪ್ಯಾಡನ್ನು ಅಲ್ಲೇ ಹೊಲಿದಿದ್ದಳು.

"ಹೇಗಿದೆ?" ಎಂದಳು.

"ಒಂದು ಕಡೆ ಬೆಲ್ಲ ಇಟ್ಟಿದ್ದಾರೆ, ಇನ್ನೊಂದು ಕಡೆ ತೂಕದ ಕಲ್ಲು ಇಡೋದು ಮರೆತಿದ್ದಾರೆ" ಎಂದೆ.

ಅವಳು ಕನ್ನಡಿ ನೋಡಿಕೊಂಡಳು. ಮಂಚದ ಮೇಲೆ ಬಿದ್ದು ನಕ್ಕಳು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಪಕ್ಕದ ಕೋಣೆಯವರು ಗೋಡೆ ಬಡಿದರು. ಸಂಜೆಯೊಳಗೆ ಪ್ಯಾಡು ಬದಲಾಯಿಸಿದಳು. ಈ ಸಲ ಕೋಟು ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತಾಗ ನಾನು ನಗಲಿಲ್ಲ. ಮೂವತ್ತರ ಹತ್ತಿರದ ಹೆಂಗಸೊಬ್ಬಳು ಮೊದಲ ಸಲ ನೆಟ್ಟಗೆ ನಿಂತಿದ್ದಳು.

ಸಂದರ್ಶನದಲ್ಲಿ ಭಾರದ ಪ್ರಶ್ನೆ ಬರಲಿಲ್ಲ. ಕೆಲಸ ಕಾಯಂ ಆಯಿತು. ನಾನು ಕುಣಿದಾಡಿದೆ. ಅವಳು ಮಾತ್ರ ಕೋಟನ್ನು ಮೊಳೆಗೆ ತೂಗುಹಾಕುತ್ತಾ ಹೇಳಿದಳು: "ಅವರು ನನ್ನ ಕೈ ನೋಡಲಿಲ್ಲ, ಕೋಟು ನೋಡಿದ್ರು. ಇರಲಿ ಬಿಡು, ಕೋಟು ಹೊಲಿದಿದ್ದೂ ಇದೇ ಕೈ ತಾನೇ."

ಅಲ್ಲಿಂದ ಮುಂದೆ ಅವಳ ಪ್ರತಿ ರವಿಕೆಗೂ, ಪ್ರತಿ ಅಂಗಿಗೂ ಎಡಭುಜದಲ್ಲಿ ಪ್ಯಾಡು ಬಂತು. ಹೊಲಿದೇ ಬಿಡುತ್ತಿದ್ದಳು, ಬಿಚ್ಚಲು ಬರದಂತೆ. ಬಟ್ಟೆ ಬದಲಾಯಿಸುವಾಗ ಬೀರುವಿನ ಬಾಗಿಲ ಹಿಂದೆ ಹೋಗುತ್ತಿದ್ದಳು. ನನಗೆ ಮದುವೆಯಾಗಿ ವಸತಿಗೃಹ ಬಿಡುವವರೆಗೂ, ಅಷ್ಟು ವರ್ಷ ಒಂದೇ ಕೋಣೆಯಲ್ಲಿದ್ದೂ, ಆ ಭುಜವನ್ನು ನಾನು ಮತ್ತೆ ನೋಡಲಿಲ್ಲ. ನೋಡಲು ಬಿಡಲಿಲ್ಲ ಎನ್ನುವುದು ಸರಿ. ಆಸ್ಪತ್ರೆಗೆ ಹೊಸದಾಗಿ ಬಂದವರು "ನಿಮ್ಮನ್ನ ತಕ್ಕಡಿ ಅಂತ ಯಾಕೆ ಕರೀತಾರೆ?" ಎಂದು ಕೇಳಿದರೆ, "ನಾನು ಬಲು ನ್ಯಾಯವಂತೆ, ಅದಕ್ಕೆ" ಎನ್ನುತ್ತಿದ್ದಳು. ಆ ತಮಾಷೆಗೆ ಅವಳೂ ನಗುತ್ತಿರಲಿಲ್ಲ.

ನನ್ನ ಮಗಳಿಗೆ ಐದಾರು ವರ್ಷವಿದ್ದಾಗ ಒಂದು ಸಂಜೆ ತಕ್ಕಡಿ ಮನೆಗೆ ಬಂದಳು. ಬಾಗಿಲು ತೆರೆದವಳಿಗೆ ಏನೋ ಬದಲಾಗಿದೆ ಅನ್ನಿಸಿತು. ಆಮೇಲೆ ತಿಳಿಯಿತು, ಪ್ಯಾಡಿಲ್ಲ. ಮತ್ತೆಂದೂ ಅವಳು ಪ್ಯಾಡು ಹಾಕಲಿಲ್ಲ. ಕೋಟನ್ನು ಯಾರೋ ರೋಗಿಗೆ ಕೊಟ್ಟೆ ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ನಮ್ಮ ಗೆಳೆತನದಲ್ಲಿ ಅವಳು ಹೇಳುವವರೆಗೆ ಕಾಯುವುದು ನನ್ನ ಪಾಲಿನ ಕೆಲಸವಾಗಿತ್ತು. ಸುಮಾರು ಇಪ್ಪತ್ತು ವರ್ಷ ಕಾದೆ.

ಈಗ ಮಗಳ ವಿಷಯ ಹೇಳಿದಾಗ ಅವಳು ಕೇಳಿದ್ದು ಒಂದೇ: "ನಿನ್ನ ಗಂಡನ ಹಳೆ ಕೋಟು ಇದೆಯಾ?"

ಮಗಳು ಮೊದಲು ಮೂಗು ಮುರಿದಳು. ತಕ್ಕಡಿ ವರದಿಗಾರ್ತಿಯ ಕಥೆ ಹೇಳಿದಳು. ಮಗಳು ಫೋನಿನಲ್ಲಿ ಹುಡುಕಿ ಆ ಧಾರಾವಾಹಿಯ ತುಣುಕೊಂದನ್ನು ತೆಗೆದಳು. ಕಪ್ಪು ಬಿಳುಪಲ್ಲ, ಬಣ್ಣದ್ದು. ಕೋಟು ಕಂದು ಎಂದು ತಕ್ಕಡಿ, ಕಡುನೀಲಿ ಎಂದು ನಾನು, ಇಷ್ಟು ವರ್ಷ ಜಗಳವಾಡಿದ್ದೆವು. ಅದು ಬದನೆಕಾಯಿ ಬಣ್ಣದ್ದು.

"ಅಯ್ಯೋ, ಇಂಥಾ ಬಣ್ಣನಾ?" ತಕ್ಕಡಿಯ ಮುಖ ಸಪ್ಪಗಾಯಿತು. "ಕಪ್ಪು ಬಿಳುಪಲ್ಲಿ ಎಷ್ಟು ಮರ್ಯಾದಸ್ಥೆ ಥರ ಕಾಣ್ತಿದ್ಲು!"

"ಚಿಕ್ಕಮ್ಮ, ನಂಗೆ ಈ ಬಣ್ಣಾನೇ ಬೇಕು" ಎಂದು ಮಗಳು ನಕ್ಕಳು. ಅವಳು ನಗುವುದನ್ನು ಕೇಳಿ ನಾನು ಒಲೆಯ ಕಡೆ ತಿರುಗಿಕೊಂಡೆ.

ಬಣ್ಣದ ಪುಡಿ ತಂದು ದೊಡ್ಡ ಪಾತ್ರೆಯಲ್ಲಿ ಕುದಿಸಿ ಕೋಟಿಗೆ ಬಣ್ಣ ಹಾಕಿದೆವು. ಆ ಪಾತ್ರೆ ಇನ್ನು ಅಡುಗೆಗೆ ಬಾರದು. ಕಾಲರಿನ ಕೆಳಗೆ ಒಂದು ಕಡೆ ಬಣ್ಣ ಕಟ್ಟದೆ ಮಚ್ಚೆ ಉಳಿಯಿತು. ಅದರ ಮೇಲೆ ತಕ್ಕಡಿ ಒಂದು ಜೇಬು ಹೊಲಿದಳು. ಮಗಳೂ ಪಕ್ಕದಲ್ಲಿ ಕುಳಿತು ತೋಳಿನ ಮಡಿಕೆ ಹೊಲಿದಳು. "ನಿನ್ನ ಹೊಲಿಗೆ ನೋಡಿದ್ರೆ ಇರುವೆಗಳು ದಾರಿ ತಪ್ಪಿದ ಹಾಗಿದೆ" ಎಂದು ಬೈಸಿಕೊಂಡಳು. ಭುಜದ ಪ್ಯಾಡು, ಬಲಕ್ಕೆ ದಪ್ಪ, ಎಡಕ್ಕೆ ತೆಳು, ಭದ್ರವಾಗಿ ಹೊಲಿದು ಸೋಮವಾರ ಸಂಜೆಗೆ ಕೋಟು ಸಿದ್ಧವಾಯಿತು. ಪಾಠಕ್ಕೆ ಇನ್ನು ಒಂದು ವಾರ.

ಮಗಳು ಹಾಕಿಕೊಂಡು ನಡುಮನೆಯ ಕನ್ನಡಿಯ ಮುಂದೆ ನಿಂತಳು. ಶಾಲು ಕುರ್ಚಿಯ ಮೇಲೆ ಬಿದ್ದಿತ್ತು. ಎರಡೂ ಭುಜ ಒಂದೇ ಸಮ. ಪಕ್ಕಕ್ಕೆ ತಿರುಗಿ ನೋಡಿಕೊಂಡಳು, ಕೈ ಎತ್ತಿ ಹಲಗೆಯ ಮೇಲೆ ಬರೆಯುವಂತೆ ಮಾಡಿ ನೋಡಿಕೊಂಡಳು.

"ಚಿಕ್ಕಮ್ಮ, ಇನ್ಮೇಲೆ ಇದನ್ನ ನಾನು ಬಿಚ್ಚೋದೇ ಇಲ್ಲ!"

ನಾನು ಅಡುಗೆಮನೆಯ ಬಾಗಿಲಿನಲ್ಲಿದ್ದೆ. ತಕ್ಕಡಿಯ ಮುಖ ನನಗೆ ಕಾಣುತ್ತಿತ್ತು. ಹೊಗಳಿಕೆ ಕೇಳಿದವಳ ಮುಖವಲ್ಲ ಅದು.

"ಬಾ ಇಲ್ಲಿ, ಕೂತ್ಕೋ ಪುಟ್ಟಿ" ಎಂದಳು. "ನಾನೂ ಇದೇ ಮಾತು ಹೇಳಿದ್ದೆ. ಹನ್ನೊಂದು ವರ್ಷ ಬಿಚ್ಚಲಿಲ್ಲ."

ಆಮೇಲೆ ಅವಳು ಹೇಳಿದ್ದನ್ನು ನಾನೂ ಆಗಲೇ ಮೊದಲ ಸಲ ಕೇಳಿದ್ದು. ಒಂದು ಸ್ತನ ತೆಗೆಸಿಕೊಂಡು ಮನೆಗೆ ಹೊರಡುವ ಹೆಂಗಸರಿಗೆ ಅವಳು ತನ್ನಷ್ಟಕ್ಕೆ ತಾನೇ ಮೆತ್ತನೆಯ ಪ್ಯಾಡು ಹೊಲಿದು ಕೊಡುತ್ತಿದ್ದುದು ನನಗೆ ಗೊತ್ತಿತ್ತು. ಬಟ್ಟೆಯ ಮೇಲಿಂದಲೇ ಅಳತೆ ತೆಗೆಯುತ್ತಿದ್ದಳು. ಹಾಗೆ ಅಳತೆ ತೆಗೆಯಲು ಹೋದಾಗ ಒಬ್ಬ ಹೆಂಗಸು ಅವಳ ಕೈ ತಳ್ಳಿದಳಂತೆ. "ನಿಮಗೇನು ಗೊತ್ತಮ್ಮ? ದೇವರು ನಿಮ್ಮನ್ನ ನೆಟ್ಟಗೆ ಇಟ್ಟಿದ್ದಾನೆ" ಎಂದಳಂತೆ.

"ನಂಗೆ ನಾಚಿಕೆ ಆಗಿಹೋಯ್ತು ಪುಟ್ಟಿ. ಭುಜಕ್ಕಲ್ಲ, ಪ್ಯಾಡಿಗೆ. ಕತ್ತರಿ ತಗೊಂಡು ಅಲ್ಲೇ ನನ್ನ ಹೊಲಿಗೆ ಕತ್ತರಿಸಿ, ಪ್ಯಾಡ್ ತೆಗೆದು ಅವರ ಮಂಚದ ಮೇಲಿಟ್ಟೆ. ಆಯಮ್ಮ ಅದನ್ನ ನೋಡಿದ್ರು, ನನ್ನ ಭುಜ ನೋಡಿದ್ರು. ಆಮೇಲೆ ಸುಮ್ನೆ ಕೈ ಎತ್ತಿ ಅಳತೆ ಕೊಟ್ರು. ಹೋಗುವಾಗ ಚಳಿ ಇತ್ತು, ಕೋಟು ಅವರಿಗೇ ಹೊದಿಸಿ ಕಳಿಸಿದೆ."

"ಹಾಗಾದ್ರೆ ನಂಗೆ ಯಾಕೆ ಹೊಲಿದುಕೊಟ್ಟೆ?" ಮಗಳ ದನಿ ಗಡುಸಾಗಿತ್ತು. "ಮಕ್ಕಳು ಮತ್ತೆ ನಗ್ತಾರೆ."

"ನಗಬಹುದು. ನನ್ನ ನೋಡಿ ಏನು ಕಡಿಮೆ ನಕ್ಕಿದ್ರಾ? ನಾನು ಹಾಕ್ಕೊಂಡಿದ್ದಕ್ಕೆ ನನಗೇನೂ ಬೇಜಾರಿಲ್ಲ. ತೆಗೆಯೋ ದಾರಿ ಇಟ್ಕೊಳ್ಳಲಿಲ್ಲ ನೋಡು, ಅದೊಂದೇ."

ಮಗಳು ಎದ್ದಳು. ಕೋಟು ಬಿಚ್ಚಿ ಕುರ್ಚಿಯ ಮೇಲಿಟ್ಟು ಕೋಣೆಗೆ ಹೋದಳು. ತಕ್ಕಡಿ ನನ್ನ ಕಡೆ ನೋಡಿ, "ಕೆಡಿಸಿಬಿಟ್ನೇನೋ ಕಣೆ" ಎಂದಳು. ನಾನು ಅವಳಿಗೆ ಸಮಾಧಾನದ ಒಂದು ಮಾತೂ ಹೇಳಲಿಲ್ಲ. ಇಪ್ಪತ್ತು ವರ್ಷ ನನಗೆ ಹೇಳದ್ದನ್ನು ಮಗಳಿಗೆ ಹೇಳಿದಳಲ್ಲ ಎಂದು ನಾನೇ ಮುಖ ಊದಿಸಿಕೊಂಡಿದ್ದೆ. ಅದೇ ಕೊನೆಯ ಸಂಜೆ ಎಂದು ಗೊತ್ತಿದ್ದರೆ ಹೇಳುತ್ತಿದ್ದೆ. ಗೊತ್ತಿರಲಿಲ್ಲ.

ಮಗಳು ಸೋಮವಾರ ಹೋಗುತ್ತಾಳೆ. ನಿನ್ನೆ ಅವಳೇ ಹೇಳಿದಳು. ಪಾಠಕ್ಕೆ ಚಿತ್ರಗಳನ್ನೂ ಬರೆದುಕೊಂಡಿದ್ದಾಳೆ. ಪ್ಯಾಡು ಹಾಕಿಕೊಂಡು ಹೋಗುತ್ತಾಳೋ ಹಾಕದೆ ಹೋಗುತ್ತಾಳೋ, ನಾನು ಕೇಳಿಲ್ಲ.

ಆ ಮಂಗಳವಾರ ಬೆಳಿಗ್ಗೆ ಮತ್ತೆ ಬಂದಾಗ ತಕ್ಕಡಿಯ ಮುಖದ ಬಣ್ಣ ಸರಿಯಿರಲಿಲ್ಲ. ಮೆಟ್ಟಿಲು ಹತ್ತಿ ಏದುಸಿರು ಎಂದಳು. ನೀರು ಕೊಟ್ಟೆ. ಅಡುಗೆಮನೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತು, ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು, ಎರಡೂ ಪ್ಯಾಡುಗಳ ಹೊಲಿಗೆ ಬಿಚ್ಚತೊಡಗಿದಳು. ಚೀಲದಿಂದ ಟಿಚ್ ಬಟನ್ನಿನ ಡಬ್ಬಿ ತೆಗೆದಳು. ಬೆರಳಿನಿಂದ ಒತ್ತಿದರೆ ಕೂಡಿಕೊಂಡು ಎಳೆದರೆ ಬಿಡುವ ಆ ಪುಟ್ಟ ಗುಂಡಿಗಳನ್ನು ಪ್ರತಿ ಪ್ಯಾಡಿಗೆ ನಾಲ್ಕರಂತೆ ಹೊಲಿದಳು. ಜೋಡಿಗುಂಡಿಗಳನ್ನು ಕೋಟಿನ ಭುಜದೊಳಗೆ ಹೊಲಿದಳು.

ಮಗಳು ಕಣ್ಣುಜ್ಜಿಕೊಳ್ಳುತ್ತಾ ಬಂದು ನೋಡಿ ಗಾಬರಿಯಾದಳು. "ಅಯ್ಯೋ, ಯಾಕೆ ಬಿಚ್ಚಿದೆ ಚಿಕ್ಕಮ್ಮ?"

"ಬೇಕು ಅನ್ನಿಸಿದಾಗ ಹಾಕ್ಕೋ. ಬೇಡ ಅನ್ನಿಸಿದಾಗ ನನ್ನನ್ನೂ ಕೇಳಬೇಡ, ಕತ್ತರೀನೂ ಹುಡುಕಬೇಡ. ಪಾಠದ ನಡುವೆ ಬೇಕಾದ್ರೂ ತೆಗಿ."

"ಮಕ್ಕಳ ಮುಂದೆನಾ?"

"ತೆಗೆದು ಮೇಜಿನ ಮೇಲಿಡು. ಡಸ್ಟರ್ ಅಂದ್ಕೋತಾರೆ."

ಮಗಳು ನಗಬಾರದೆಂದುಕೊಂಡಿದ್ದಳು, ನಕ್ಕುಬಿಟ್ಟಳು. ಕೋಟು ಹಾಕಿಕೊಂಡು ತಕ್ಕಡಿಯ ಮುಂದೆ ಮಂಡಿಯೂರಿ ಕುಳಿತಳು. ತಕ್ಕಡಿ ಕಾಲರಿನೊಳಗೆ ಕೈ ಹಾಕಿ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಎಲ್ಲವೂ ಕೂಡಿದವು. ಮತ್ತೆ ಎಳೆದು ಬಿಡಿಸಿ, ದಪ್ಪ ಪ್ಯಾಡನ್ನು ಹೊರತೆಗೆದು ಮಗಳ ಅಂಗೈಯಲ್ಲಿಟ್ಟಳು.

"ಈಗ ನೀನೇ ನೋಡು. ಹಾಕೋದಾದ್ರೆ ಹಾಕು, ಬಿಡೋದಾದ್ರೆ ಬಿಡು. ನಾನು ನೋಡಲ್ಲ" ಎಂದು ಹೇಳಿ, ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು.